ಗುಡಿಸು

ಫಹಾಹೀಲಿನಲ್ಲಿ ಮೇ ಬಂತೆಂದರೆ
ರಾತ್ರಿ ನಿಲ್ಲಿಸಿದ ಕಾರು ಬೆಳಗಿಗೆ
ಹಿಟ್ಟಿನ ಗಿರಣಿಯಿಂದ ಹೊರಬಂದ ಎಮ್ಮೆ.
ಐದೂವರೆಗೆ ನನ್ನ ಲ್ಯಾಬಿನ ಪಾಳಿ.
ಅದಕ್ಕೂ ಮೊದಲೇ ಬಕೆಟ್ಟು ಹಿಡಿದು ಬರುತ್ತಿದ್ದ
ಕಾರು ತೊಳೆಯುವ ಹುಡುಗ:
ಪಾಸ್‌ಪೋರ್ಟಿನ ಪ್ರಕಾರ ಇಪ್ಪತ್ತಮೂರು,
ಮೀಸೆಯ ಪ್ರಕಾರ ಹದಿನೈದು.

ಒಂದು ದಿನ ಗಾಜಿನ ಧೂಳಲ್ಲಿ ಒಂದು ಬ.
ನಾನು ಒಳಗೆ ಕೂತಿದ್ದೆ,
ಬ ನನಗೆ ಬೆನ್ನು ತಿರುಗಿಸಿ ನಿಂತಿತ್ತು.
ಇಳಿದೆ. 'ಕನ್ನಡವಾ ಮಾರಾಯಾ?'
'ಸುರಪುರದ ಕಡಿ, ಅಕ್ಕಾ. ಇಷ್ಟ ಬರ್ತದ.
ಮುಂದ ಸಾಲಿ ಬಿಡಿಸಿದ್ರು.'
ಹೆಸರು ಮೌಲಾಲಿ.

ಇಷ್ಟು ಅಗ್ಗದ ಪಾಟಿ ಎಲ್ಲಿ ಸಿಗುತ್ತದೆ?
ಕ ವರ್ಗಕ್ಕೆ ಈಜಿಪ್ಟಿನವನ ಜೀಪು,
ಚ ವರ್ಗಕ್ಕೆ ಮಲಯಾಳಿ ನರ್ಸಮ್ಮನ ಯಾರಿಸ್,
ಟ ಠ ಡ ಢ ಣ ಹತ್ತಿಕೊಂಡದ್ದು
ಸಿರಿಯಾದ ದರ್ಜಿಯ ವ್ಯಾನಿಗೆ.
ನಾನೊಂದು ಬರೆದರೆ ಕೆಳಗೆ ಹತ್ತು ಬರೆಯುತ್ತಿದ್ದ,
ಆಮೇಲೆ ಒದ್ದೆ ಬಟ್ಟೆ.
ನಲವತ್ತೆಂಟು ಡಿಗ್ರಿಯಲ್ಲೂ
ಮಣಿಕಟ್ಟಿನವರೆಗೆ ತೋಳಿನ ಅಂಗಿ.
ನೋಡಿದ್ದೆ. ಕೇಳಿರಲಿಲ್ಲ.

ನಾನು ಹೇಳಿಕೊಡದೆ ಅವನೇ ಕೂಡಿಸಿದ ಮೊದಲ ಪದ
ನನ್ನ ಸನ್ನಿಯ ಹಿಂದಿನ ಗಾಜಿನ ಮೇಲೆ:
ಬಡತನ.
ಅಬ್ಬ, ಎಂದೆ. ನಮ್ಮಲ್ಲಿ ಯಾರನ್ನು ತಾನೇ
ಬೇರೇನು ತಂದಿದೆ ಇಲ್ಲಿಗೆ.
ಬೆರಳಲ್ಲೊಂದು ರೈಟು ಹಾಕಿದೆ.
ಅವನು ಒರೆಸಲಿಲ್ಲ. ಬಟ್ಟೆ ಕೈಯಲ್ಲೇ ಇತ್ತು.
'ಓದಿದ್ರೇನಕ್ಕಾ?'
'ಓದಿದೆ' ಎಂದು ಗೇರು ಹಾಕಿದೆ.

ಕಾಗುಣಿತ ಶುರುವಾದದ್ದು ಜೂನಿನಲ್ಲಿ.
ಇದು ಇಳಿ, ಇದು ಗುಡಿಸು.
'ಗುಡಿಸೂದು ಕಸಬರಿಗಿ ಕೆಲಸ ಅಲ್ಲೇನ್ರಿ?'
ನಕ್ಕ. ನಾನು ಕಂಡಂತೆ ಅದೊಂದೇ ಸಲ.

ಮರುದಿನ ಅದೇ ಗಾಜು, ಅದೇ ನಾಲ್ಕಕ್ಷರ.
ನಾನು ನೋಡುತ್ತಿದ್ದಂತೆ ಬೆರಳು ಹಿಂದಕ್ಕೆ ಹೋಯಿತು.
ಡಕ್ಕೆ ಗುಡಿಸು.
ತಕ್ಕೆ ಇಳಿ.
ಬಡಿತಾನ.

ತೋಳು ಮಡಚಿದ.
ಇಸ್ತ್ರಿಪೆಟ್ಟಿಗೆಯ ಮೂತಿ, ಎರಡು ಸಲ,
ಒಂದು ಹಳೆಯದು.
'ಕಾಕಾ' ಎಂದ. ಕರಕೊಂಡು ಬಂದವನು,
ಸಂಬಳ ಎಣಿಸಿಕೊಳ್ಳುವವನು.
ಮೂರು ವಾರ ಅವನ ಹತ್ತಿರ ಇದ್ದದ್ದು
ಬರೀ ತಲೆಕಟ್ಟಿನ ಅಕ್ಷರಗಳು,
ಅಷ್ಟರಲ್ಲೇ ಹೇಳಿದ್ದ. ನಾನು ರೈಟು ಹಾಕಿದ್ದೆ.

ಗಂಡ ಹೇಳಿದರು, ಇಕಾಮಾ ನೆನಪಿರಲಿ,
ಪೊಲೀಸು ಗಿಲೀಸು ನಮಗೆ ಬೇಡ.
ಮೂರು ದಿನ ಕಾರನ್ನು ಮಸೀದಿಯ ಹಿಂದೆ ನಿಲ್ಲಿಸಿದೆ.
ಹೌದು, ಅದನ್ನೂ ಬರೆಯಬೇಕು.

ನಾಲ್ಕನೆಯ ಬೆಳಗ್ಗೆ ನಡೆದು ಬರುತ್ತೇನೆ,
ಜೀಪಿನ ಮೇಲೆ ಬಡಿತಾನ,
ಯಾರಿಸಿನ ಮೇಲೆ, ದರ್ಜಿಯ ವ್ಯಾನಿನ ಮೇಲೆ,
ಕಸದ ಲಾರಿಯ ಬಾಗಿಲಿನ ಮೇಲೂ.
ಕಾಕಾನಿಗೆ ಓದು ಬಾರದು.
ಇಡೀ ಬೀದಿಯಲ್ಲಿ ಅದನ್ನು ಓದಬಲ್ಲವಳು
ನಾನೊಬ್ಬಳೇ.

ರಾಯಭಾರ ಕಚೇರಿಯಲ್ಲಿ ಗುಮಾಸ್ತ
ಇಂಕಿನ ಪ್ಯಾಡು ಮುಂದಕ್ಕೆ ತಳ್ಳಿದ.
ಹುಡುಗ ಅದನ್ನು ವಾಪಸು ತಳ್ಳಿ ಪೆನ್ನು ಕೇಳಿದ.
'ಮೌ' ಬರೆಯಲು ಹೊತ್ತು ಹಿಡಿಯಿತು,
ಹಿಂದಿನ ಸಾಲು ಗೊಣಗಿತು.
ನಾನು ಫ್ಯಾನು ನೋಡುತ್ತ ನಿಂತಿದ್ದೆ,
ಕಣ್ಣು ತುಂಬಿದ್ದನ್ನು ಯಾರೂ ಕೇಳದಿರಲೆಂದು.

ಟಿಕೆಟ್ಟು ಇನ್ನೂ ಆಗಿಲ್ಲ.
ಆಶ್ರಯದ ಮನೆಯಲ್ಲಿದ್ದಾನೆ, ಶುಕ್ರವಾರ ಹೋಗುತ್ತೇನೆ.
ಹೋದ ವಾರ ಕೇಳಿದ:
'ಮುಗದದ್ದು ಹೆಂಗ ಬರಿಯೋದ್ರಿ?
ಬಡಿತಿದ್ದ, ಅಂತ?'
ಅದಕ್ಕೆ ಒತ್ತು ಬೇಕು, ಇನ್ನೂ ಕಲಿಸಿಲ್ಲ ಎಂದೆ.
'ಕಲಸ್ರಿ ಮತ್ತ.'

ಅಲ್ಲಿನ ಗಾಜುಗಳಿಗೆ ಧೂಳಿಲ್ಲ.
ಅಂಗೈ ಚಾಚಿದೆ.
ದ, ಅದರ ಕಾಲಬುಡದಲ್ಲಿ ಇನ್ನೊಂದು, ಚಿಕ್ಕದು.
ಮೊದಲ ಸಲ ಒತ್ತು ಜಾರಿ ನನ್ನ ಮಣಿಕಟ್ಟಿಗೆ ಹೋಯಿತು.
ಎರಡನೆಯ ಸಲ ಕೂತಿತು.
ರೈಟು ಹಾಕಲಿಲ್ಲ ನಾನು.
ಗಟ್ಟಿಯಾಗಿ ಓದು ಎಂದೆ.